ಕ್ಯಾಪ್ಟನ್ನನ ಅಪ್ಪ

ನಮ್ಮ ಭಾವ ಕ್ಷೌರಿಕ. ಊರಿಗೆಲ್ಲ ಅವರು ‘ರೇಡಿಯೋ’. ಕತ್ತರಿ ನಿಂತರೂ ಬಾಯಿ ನಿಲ್ಲುತ್ತಿರಲಿಲ್ಲ. ನಿಮ್ಮ ಹೊಟ್ಟೆಯಲ್ಲಿ ಒಂದು ಮಾತೂ ನಿಲ್ಲುವುದಿಲ್ಲ ಎಂದು ನಾನು ಬಾಮೈದನ ಹಕ್ಕಿನಿಂದ ಎಷ್ಟು ರೇಗಿಸಿದರೂ ನಗುತ್ತಿದ್ದರು. ಮಗ ಸೈನ್ಯದಲ್ಲಿ ಕ್ಯಾಪ್ಟನ್ ಆದ ಮೇಲಂತೂ ಕೇಳಬೇಕೆ! ರಜೆಗೆ ಬಂದವನನ್ನು ಅಂಗಡಿಯ ಕುರ್ಚಿಯಲ್ಲಿ ಕೂರಿಸಿ, ಬೆಳ್ಳಗೆ ಒಗೆದ ಬಟ್ಟೆ ಹೊದಿಸಿ, "ಎಲ್ಲರಿಗೂ ಹುಕುಂ ಕೊಡೋನು ನನ್ನೆದುರು ತಲೆ ಬಗ್ಗಿಸಲೇಬೇಕು" ಎಂದು ಬೀಗುತ್ತಿದ್ದರು.

ಆ ಹುಡುಗ ಯುದ್ಧದಲ್ಲಿ ತೀರಿಹೋದ. ಭಾವ ಅಂಗಡಿ ಮುಚ್ಚಿ, ಅನ್ನ ನೀರು ಬಿಟ್ಟು, ಗೋಡೆಗೆ ಮುಖ ಮಾಡಿ ಮಲಗಿಬಿಟ್ಟರು. ಅವನ ಜೊತೆಗಿದ್ದ ಗೆಳೆಯನೊಬ್ಬ ಮನೆಗೆ ಬಂದು, "ಒಂದೇ ಗುಂಡು ಅಪ್ಪ, ಅವನಿಗೆ ಗೊತ್ತೇ ಆಗಲಿಲ್ಲ" ಎಂದ ಮೇಲೆಯೇ ಅವರು ಎದ್ದು ಕೂತದ್ದು. ಆ ಒಂದು ಮಾತು ಹಿಡಿದುಕೊಂಡು ಬದುಕಿದರು. ಗಡ್ಡಕ್ಕೆ ಸೋಪು ಹಚ್ಚುತ್ತ, ಬಂದವರಿಗೆಲ್ಲ ಅದನ್ನೇ ಹೇಳುತ್ತಿದ್ದರು: "ನೋವಾಗಲಿಲ್ಲವಂತೆ."

ಮರುವರ್ಷ ಹುಡುಗನಿಗೆ ಶೌರ್ಯ ಪದಕ ಬಂತು. ಮಂಡಿನೋವು ಎಂದು ಅಕ್ಕ ಹೊರಡಲಿಲ್ಲ. ಭಾವನ ಜೊತೆ ನಾನು ಹೋದೆ. ದೊಡ್ಡ ಸಭಾಂಗಣ, ಕೆಂಪು ಹಾಸು. ಪದಕ ಕೊಡುವ ಮೊದಲು ಅಧಿಕಾರಿಯೊಬ್ಬರು ಅವನ ಸಾಹಸವನ್ನು ಓದಿದರು. ಹೊಟ್ಟೆಗೆ ಗುಂಡು ಬಿದ್ದರೂ ಕ್ಯಾಪ್ಟನ್ ಹಿಂದಕ್ಕೆ ಬರಲು ಒಪ್ಪಲಿಲ್ಲ. ಗಾಯಗೊಂಡ ಸೈನಿಕರನ್ನೆಲ್ಲ ಮೊದಲು ಸಾಗಿಸಿ, ಬೆಳಗಿನಿಂದ ಸಂಜೆಯವರೆಗೆ ತೆವಳುತ್ತಲೇ ಕಾದಾಡಿ ಪ್ರಾಣ ಬಿಟ್ಟರು. ಒಂದೊಂದು ಮಾತೂ ಸ್ಪಷ್ಟವಾಗಿ ಕೇಳಿಸಿತು. ಸಭೆ ಚಪ್ಪಾಳೆ ತಟ್ಟಿತು. ಹಾಳಾದ ಚಪ್ಪಾಳೆ! ಭಾವ ಎದ್ದು ಹೋಗಿ ಪದಕ ತೆಗೆದುಕೊಂಡು ಬಂದು ಕೂತರು. ಮನೆ ಮುಟ್ಟುವವರೆಗೂ ಅದನ್ನು ಅಂಗೈಯಲ್ಲಿ ತಿರುಗಿಸುತ್ತಲೇ ಇದ್ದರು.

ಬಾಗಿಲಲ್ಲೇ ಅಕ್ಕ ಕೇಳಿದಳು, "ಅವನ ಬಗ್ಗೆ ಏನು ಹೇಳಿದ್ರು?"

"ಮೈಕ್ ಕೆಟ್ಟಿತ್ತು ಕಣೇ. ಏನೂ ಕೇಳಿಸಲಿಲ್ಲ" ಎಂದು ಭಾವ ಪದಕವನ್ನು ಅವಳ ಕೈಗಿಟ್ಟರು. ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ನಲ್ಲಿ ಜೋರಾಗಿ ಬಿಟ್ಟರು.

ಅಕ್ಕ ನನ್ನನ್ನು ಅಡುಗೆಮನೆಗೆ ಎಳೆದಳು.

"ಆ ಗೆಳೆಯ ನನ್ನ ಹತ್ರ ನಿಜ ಹೇಳಿದ್ದ ಕಣೋ. ಮಗ ಇಡೀ ದಿನ ನರಳಿದ್ದು ಗೊತ್ತಾದ್ರೆ ಇವರು ಉಳಿಯಲ್ಲ ಅಂತ, ನಾನೇ ಅವನ ಬಾಯಲ್ಲಿ ಹಾಗೆ ಹೇಳಿಸಿದೆ." ಪದಕವನ್ನು ಸೆರಗಿನಲ್ಲಿ ಸುತ್ತಿಕೊಂಡಳು. "ಮೈಕ್ ನಿಜವಾಗ್ಲೂ ಕೆಟ್ಟಿತ್ತು ತಾನೆ?"

"ಹೌದಕ್ಕ," ಎಂದೆ. "ಒಂದಕ್ಷರ ಕೇಳಿಸಲಿಲ್ಲ."