ಬೆಣ್ಣೆ ನಿಂತ ವರ್ಷ

ನಮ್ಮ ಓಣಿಯ ತುದಿಯಲ್ಲಿ ಬಸ್ಸಿಗೆ ನಿಲುಗಡೆ ಇಲ್ಲ. ಆದರೂ ಸಂತೆಯ ದಿನ ಬೆಳಿಗ್ಗೆ ಒಂದು ಬಸ್ಸು ಅಲ್ಲಿ ನಿಲ್ಲುತ್ತಿತ್ತು. ನಮ್ಮ ಹಳ್ಳಿ ಚಿಕ್ಕನರಗುಂದದಲ್ಲಿ ಹತ್ತುವಾಗಲೇ ಅವ್ವ ಕಂಡಕ್ಟರನಿಗೆ ಹೇಳಿಟ್ಟಿರುತ್ತಿದ್ದಳು: "ಕೈಯಾಗ ಬೆಣ್ಣಿ ಐತೋ ಯಪ್ಪಾ. ಬಸ್‌ಸ್ಟ್ಯಾಂಡಿನಿಂದ ನಡಕೋತ ಬರೂದ್ರಾಗ ಕರಗಿ ನೀರಾಕ್ಕೈತಿ." ಒಂದು ಕೈಯಲ್ಲಿ ನಿರಿಗೆ ಎತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಒದ್ದೆ ಬಟ್ಟೆ ಸುತ್ತಿದ ಸ್ಟೀಲಿನ ಡಬ್ಬಿ ಹಿಡಿದು ಇಳಿಯುತ್ತಿದ್ದಳು.

ಊರಿನ ಹೊಲವನ್ನು ಅಣ್ಣ ನೋಡಿಕೊಳ್ಳುತ್ತಾನೆ. ಅವ್ವ ಅವನ ಸಂಸಾರದ ಜೊತೆಗಿದ್ದಾಳೆ. ನಾನು ನರಗುಂದದಲ್ಲಿ ಬೀಜ, ಗೊಬ್ಬರದ ಅಂಗಡಿ ಇಟ್ಟುಕೊಂಡು ಹೆಂಡತಿ, ಇಬ್ಬರು ಮಕ್ಕಳೊಂದಿಗೆ ಬಾಡಿಗೆ ಮನೆಯಲ್ಲಿದ್ದೇನೆ. ಹೊಲ, ಎತ್ತು, ಮನೆಯ ಕೀಲಿ ಎಲ್ಲ ಅಣ್ಣ ಅತ್ತಿಗೆಯರ ಕೈಗೆ ಹೋದ ಮೇಲೂ ಎಮ್ಮೆ ಮಾತ್ರ ಅವ್ವನದಾಗಿತ್ತು. ಬೇರೆ ಯಾರಾದರೂ ಹಿಂಡಲು ಕೂತರೆ ಅದು ಹಾಲು ಇಳಿಸುತ್ತಿರಲಿಲ್ಲ. ಆ ಎಮ್ಮೆಯ ಹಾಲಿಗೆ ಹೆಪ್ಪು ಹಾಕಿ, ಕಡೆದು, ಬೆಣ್ಣೆ ತೆಗೆದು, ವಾರದ ಬೆಣ್ಣೆಯನ್ನು ಮೊಮ್ಮಕ್ಕಳಿಗೆ ತಂದುಕೊಡುವುದು ಅವಳ ಕೆಲಸ.

ಬಂದವಳು ಚಪ್ಪಲಿ ಬಿಟ್ಟು ನೇರವಾಗಿ ಅಡುಗೆಮನೆಗೇ ಹೋಗುತ್ತಿದ್ದಳು. ಒಂದೊಂದೇ ಪಾತ್ರೆಯ ಮುಚ್ಚಳ ತೆಗೆದು, ಬೆರಳಿಗೆ ಹಚ್ಚಿಕೊಂಡು ರುಚಿ ನೋಡುತ್ತಿದ್ದಳು.

"ಈ ಪಲ್ಯಕ್ಕ ಉಪ್ಪು ಯಾರ ಹಾಕ್ಯಾರವಾ? ಬಾಜೂ ಮನಿಯವರೇನು?"

"ನಿಮ್ಮ ಮಗಾನ ಹಾಕ್ಯಾರ ನೋಡ್ರಿ ಅತ್ತಿ," ಎನ್ನುತ್ತಿದ್ದಳು ನನ್ನ ಹೆಂಡತಿ. "ಅದಕ್ಕ ಹಂಗ ಆಗೇತಿ."

"ಅವಂಗ ಹಾಕಾಕ ಬಿಟ್ರ ಅಂಗಡ್ಯಾಗಿನ ಗೊಬ್ಬರಾನ ಹಾಕ್ತಾನ. ನೀ ಅತ್ತಾಗ ಸರಿ."

ಅತ್ತೆ ಸೊಸೆ ಇಬ್ಬರೂ ನಗುತ್ತಿದ್ದರು. ಅವ್ವ ಉಪ್ಪು ಹಾಕಿ ತಿರುವಿ, ಬಿಸಿ ರೊಟ್ಟಿಯ ಮೇಲೆ ಬೆಣ್ಣೆ ಇಟ್ಟು, ಅದು ಕರಗುವಷ್ಟರಲ್ಲಿ ಮುರಿದು ಮಕ್ಕಳ ಬಾಯಿಗೆ ತುತ್ತು ಕೊಡುತ್ತಿದ್ದಳು. ಮಗಳಿಗೆ ಒಂದು, ಮಗನಿಗೆ ಒಂದು. ಮಕ್ಕಳು ಅವಳನ್ನು ಆಯಿ ಎಂದು ಕರೆಯುತ್ತಾರೆ. ಆಯಿಯ ಬೆರಳಿನಿಂದ ಮೊಣಕೈವರೆಗೆ ಬೆಣ್ಣೆ ಇಳಿಯುವುದನ್ನು ನೋಡಿ ಇಬ್ಬರೂ ಕಿಲಕಿಲ ನಗುತ್ತಿದ್ದರು.

ಒಂದು ದಿನ ಅಂಗಡಿಯಲ್ಲಿ ಬೀಜದ ಚೀಲ ಇಳಿಸಿಕೊಳ್ಳುವಾಗ ನನಗೆ ಕಣ್ಣು ಕತ್ತಲೆ ಬಂದಿತು. ಬೀಳಲಿಲ್ಲ, ಚೀಲದ ಮೇಲೇ ಕುಳಿತುಬಿಟ್ಟೆ. ದವಾಖಾನೆಯಲ್ಲಿ ರಕ್ತ ತಪಾಸಣೆ ಮಾಡಿ, ಸಕ್ಕರೆ ಕಾಯಿಲೆ ಶುರುವಾಗಿದೆ, ಕೊಬ್ಬೂ ಹೆಚ್ಚಿದೆ, ಊಟ ಬದಲಾಯಿಸಿದರೆ ಇನ್ನೂ ಹಿಡಿತಕ್ಕೆ ಬರುತ್ತದೆ ಎಂದರು. ಡಾಕ್ಟರು ಹೇಳುತ್ತಿದ್ದಾಗ ನನ್ನ ಹೆಂಡತಿ ಅವರ ಮುಖ ನೋಡಲಿಲ್ಲ. ನನ್ನ ಕಾಲು ನೋಡುತ್ತಿದ್ದಳು.

ಯಾಕೆಂದು ನನಗೆ ಗೊತ್ತಿತ್ತು. ಅವಳ ತವರು ಗಜೇಂದ್ರಗಡ. ಅವಳ ಅಪ್ಪ ಸೀರೆ ನೇಯುತ್ತಿದ್ದರು. ಕೈಮಗ್ಗದ ಕುಣಿಯಲ್ಲಿ ಎರಡೂ ಕಾಲು ಇಳಿಬಿಟ್ಟು, ಒಂದಾದ ಮೇಲೊಂದು ಹಲಗೆ ತುಳಿಯಬೇಕು. ತುಳಿದರೆ ಎಳೆ ಬಾಯಿ ಬಿಡುತ್ತದೆ, ಲಾಳಿ ಓಡುತ್ತದೆ. ಸಕ್ಕರೆ ಕಾಯಿಲೆಯಲ್ಲಿ ಅವರ ಬಲಗಾಲಿನ ಬೆರಳಿಗೆ ಆದ ಗಾಯ ಮಾಯಲಿಲ್ಲ. ಮೊದಲು ಬೆರಳು ತೆಗೆದರು, ಆಮೇಲೆ ಪಾದ. ಅದಾದ ಮೇಲೂ ಅವರು ಮಗ್ಗದ ಕುಣಿಯ ಅಂಚಿಗೆ ಬಂದು ಕೂರುತ್ತಿದ್ದರಂತೆ. ಅರ್ಧ ನೇಯ್ದ ಸೀರೆ ಮಗ್ಗದ ಮೇಲಿತ್ತು. ಅದನ್ನು ಅವರ ತಮ್ಮ ಬಂದು ಮುಗಿಸುವವರೆಗೆ ಮನೆಯಲ್ಲಿ ಯಾರೂ ಅದರ ಮಾತು ತೆಗೆಯಲಿಲ್ಲವಂತೆ. ನನ್ನ ಹೆಂಡತಿ ಇದನ್ನು ಮದುವೆಯಾದ ಹೊಸತರಲ್ಲಿ ಒಮ್ಮೆ ಹೇಳಿದ್ದಳು. ಮತ್ತೆ ಹೇಳಿರಲಿಲ್ಲ.

ದವಾಖಾನೆಯಿಂದ ಬಂದ ಸಂಜೆ ಇಷ್ಟೇ ಅಂದಳು: "ನೀವಷ್ಟ ಅಲ್ಲ. ಹುಡುಗರೂ ಇವತ್ತಿನಿಂದ ನಾ ಮಾಡಿದ್ದನ್ನ ಉಣ್ಣಬೇಕು. ನಾ ಎರಡನೇ ಸಲ ಅದನ್ನ ನೋಡಂಗಿಲ್ರಿ."

ಅಡುಗೆಮನೆ ನಿಧಾನವಾಗಿ ಬದಲಾಯಿತು. ಮೈದಾ, ಸಕ್ಕರೆ, ಭಾನುವಾರದ ಮಿರ್ಚಿ ಭಜಿ ಮೊದಲು ಹೋದವು. ಜೋಳದ ರೊಟ್ಟಿ ಹೇಗೂ ಇತ್ತು. ಅದರ ಜೊತೆ ಮೊಳಕೆ ಹೆಸರುಕಾಳು, ಹಸಿಯಾಗಿಯೇ ತಿನ್ನುವ ಹಕ್ಕರಕಿ ಸೊಪ್ಪು, ಶೇಂಗಾ ಹಿಂಡಿ, ಅಗಸಿ ಹಿಂಡಿಯಂಥ ಚಟ್ನಿಪುಡಿಗಳು ದಿನವೂ ಬಂದವು. ಆಮೇಲೆ ಹಾಲು, ಮೊಸರು, ತುಪ್ಪ ನಿಂತವು. ಡಾಕ್ಟರು ಅಷ್ಟು ಹೇಳಿರಲಿಲ್ಲ. ಅವಳೇ ಮೊಬೈಲಿನಲ್ಲಿ ಓದಿ, ಮತ್ತೊಮ್ಮೆ ಹೋಗಿ ಕೇಳಿ, ಮಕ್ಕಳಿಗೆ ಬೇರೆ ಯಾವುದರಿಂದ ಏನು ಸಿಗಬೇಕು, ಏನನ್ನು ಔಷಧವಾಗಿ ಕೊಡಬೇಕು ಎಂದು ತಿಳಿದುಕೊಂಡು ನಿರ್ಧರಿಸಿದಳು. ತವರಿಗೆ ಹೋದಾಗ ಪಕ್ಕದ ಪುರ್ತಗೇರಿಯಿಂದ ಕುಸುಬಿ ಕಾಳು ತಂದು, ನೆನೆಹಾಕಿ, ರುಬ್ಬಿ, ಬಟ್ಟೆಯಲ್ಲಿ ಹಿಂಡಿ ಹಾಲು ತೆಗೆದಳು. ಮಕ್ಕಳಿಗೆಂದು ಬೆಲ್ಲ, ಏಲಕ್ಕಿ ಹಾಕಿ ಸಣ್ಣ ಉರಿಯಲ್ಲಿ ಕಾಯಿಸಿದಳು. ಮೊದಲ ದಿನ ಉರಿ ಜೋರಾಗಿ ಒಡೆದುಹೋಯಿತು.

"ಗ್ವಾಡಿಗಿ ಹಚ್ಚೂ ಸುಣ್ಣದ ನೀರು ಇದ್ದಂಗ ಐತಿ," ಅಂದ ಮಗ.

"ನೀ ಯಾವಾಗ ಕುಡದಿದ್ದ್ಯೋ ಸುಣ್ಣದ ನೀರು?" ಅಂದಳು ಅವನ ಅಕ್ಕ.

ಹಾಗೆ ಜಗಳವಾಡುತ್ತ ಕುಡಿದರು. ಕೆಲವು ತಿಂಗಳಲ್ಲಿ ಅದೇ ಅಭ್ಯಾಸವಾಯಿತು. ನನ್ನ ಸಕ್ಕರೆ ಇಳಿಯಿತು. ನನ್ನ ಹೆಂಡತಿ ಮಾಡಿದ್ದು ಸರಿ ಎಂಬುದರಲ್ಲಿ ನನಗೆ ಅಂದೂ ಅನುಮಾನವಿರಲಿಲ್ಲ, ಇಂದೂ ಇಲ್ಲ.

ಬೆಣ್ಣೆಯ ಮಾತನ್ನು ಅವಳು ಅವ್ವನಿಗೆ ಹೇಳಿಯೇ ಇದ್ದಳು. "ಅತ್ತಿ, ಇನ್ನ ನಾವು ಹಾಲು, ಬೆಣ್ಣಿ ಬಿಟ್ಟೀವ್ರಿ. ಬರೇ ಕಾಳು, ಹಕ್ಕರಕಿ, ಮೆಂತ್ಯಾದಂಥಾ ತಪ್ಪಲಪಲ್ಲೆ."

ಅವ್ವ ಡಬ್ಬಿಯ ಬಟ್ಟೆ ಬಿಚ್ಚುತ್ತಿದ್ದಳು. ಕೈ ನಿಲ್ಲಿಸಲಿಲ್ಲ. "ನನ್ನ ಎಮ್ಮಿ ಏನ್ ತಿಂತೈತಿ ಹೇಳು? ಕಣಕಿ, ಹುಲ್ಲು, ಹತ್ತಿಕಾಳು. ಒಂದಿನಾರ ಮಾಂಸ ತಿಂದೈತೇನು? ಬೆಣ್ಣೀನೂ ತಪ್ಪಲಪಲ್ಲೇನ ತಗೋ."

ನಾವು ನಕ್ಕೆವು. ನಕ್ಕದ್ದರಿಂದ ಮಾತು ಅಲ್ಲಿಗೇ ಮುಗಿಯಿತು. ಮುಂದಿನ ವಾರವೂ ಡಬ್ಬಿ ಬಂತು. ನನ್ನ ಹೆಂಡತಿಗೆ ಎರಡನೇ ಸಲ ಬೇಡವೆನ್ನಲು ಬಾಯಿ ಬರಲಿಲ್ಲ. ಅವ್ವ ಇದ್ದಾಗ ಮಕ್ಕಳಿಗೆ ಒಂದು ತುತ್ತು ತಿನ್ನಲು ಬಿಟ್ಟು, ಅವ್ವ ಸಂತೆಗೆ ಹೋದ ಮೇಲೆ ಉಳಿದ ಬೆಣ್ಣೆಯನ್ನು ಎದುರು ಮನೆಯವರಿಗೆ ಕೊಡುತ್ತಿದ್ದಳು. ಅವರ ಮನೆಯಲ್ಲೂ ಉಣ್ಣುವ ಹುಡುಗರಿದ್ದರು. ಬಂದ ಡಬ್ಬಿಯನ್ನು ಬರಿದಾಗಿ ಕಳಿಸುವುದು ನಮ್ಮಲ್ಲಿಲ್ಲ. ಅದರಲ್ಲಿ ಅಗಸಿ ಹಿಂಡಿಯನ್ನೋ ಶೇಂಗಾ ಹಿಂಡಿಯನ್ನೋ ತುಂಬಿ ಅವ್ವನ ಕೈಗೆ ಕೊಡುತ್ತಿದ್ದಳು. ಅವ್ವ ಮೂಸಿ ನೋಡಿ "ಬೆಳ್ಳುಳ್ಳಿ ಕಡಿಮಿ ಆತು" ಎಂದು ಒಯ್ಯುತ್ತಿದ್ದಳು. ಇದು ಹೀಗೇ ನಡೆದುಕೊಂಡು ಹೋಗುತ್ತದೆ ಎಂದು ನಾನು ಅಂದುಕೊಂಡಿದ್ದೆ.

ಒಂದು ದಿನ ಸಂತೆ ಮುಗಿದ ಮೇಲೆ ಅವ್ವನನ್ನು ಗಾಡಿಯ ಮೇಲೆ ಕರೆತಂದು ಮನೆಯ ಮುಂದೆ ಇಳಿಸಿದೆ. ಎದುರು ಮನೆಯ ಹೆಣ್ಣುಮಗಳು ಕಟ್ಟೆಯ ಮೇಲೆ ಮೆಂತ್ಯ ಸೋಸುತ್ತ ಕೂತಿದ್ದರು. ಒಳ್ಳೆಯ ಮನಸ್ಸಿನವರು. ಅವ್ವನನ್ನು ಕಂಡು ಎದ್ದು ನಿಂತರು.

"ಬರ್ರಿ ಅವ್ವಾರ. ನಿಮಗ ಒಂದು ಮಾತು ಹೇಳಬೇಕಂತ ಭಾಳ ದಿವಸದಿಂದ ಮಾಡೀನಿ. ನಿಮ್ಮ ಬೆಣ್ಣಿ ತಿಂದಾಗಿಂದ ನಮ್ಮ ಹುಡುಗ್ರು ಪ್ಯಾಟಿ ತುಪ್ಪ ಮುಟ್ಟವಲ್ರು ನೋಡ್ರಿ. ವಾರ ವಾರ ಡಬ್ಬಿ ದಾರೀನ ಕಾಯ್ತಾರ."

ನಾನು ಗಾಡಿಯ ಸ್ಟ್ಯಾಂಡ್ ಹಾಕುತ್ತಿದ್ದೆ. ತಲೆ ಎತ್ತಲಿಲ್ಲ. ಅವ್ವ ಕೈಯಲ್ಲಿದ್ದ ಸಂತೆಯ ಚೀಲವನ್ನು ಆ ಕೈಯಿಂದ ಈ ಕೈಗೆ ತೆಗೆದುಕೊಂಡಳು.

"ಹೌದನ್ರಿ?" ಅಂದಳು. "ತಿನ್ಲಿ ತಿನ್ಲಿ. ಬೆಳಿಯೂ ಹುಡುಗ್ರು."

ಒಳಗೆ ಬಂದಳು. ನನ್ನ ಹೆಂಡತಿ ಕಿಟಕಿಯಿಂದ ಎಲ್ಲ ಕೇಳಿಸಿಕೊಂಡಿದ್ದಳು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಅವ್ವ ಏನಾದರೂ ಅನ್ನಲಿ ಎಂದು ಇಬ್ಬರೂ ಕಾದೆವು. ಅವಳು ನೀರು ಕೇಳಿ ಕುಡಿದಳು. ಮಕ್ಕಳ ತಲೆ ಸವರಿದಳು. ಡಬ್ಬಿ ತೊಳೆದಿಟ್ಟದ್ದು ಕಂಡು, ತಾನೇ ಎತ್ತಿ ಚೀಲಕ್ಕೆ ಹಾಕಿಕೊಂಡಳು. ಹಿಂಡಿ ತುಂಬಲು ಪುರಸೊತ್ತು ಕೊಡಲಿಲ್ಲ. "ಬಸ್ಸಿಗಿ ಹೊತ್ತಾತು," ಅಂದಳು. ಡಬ್ಬಿ ಬರಿದಾಗಿ ಹೋದದ್ದು ಅದೇ ಮೊದಲು.

ಮುಂದಿನ ಸಂತೆಗೆ ಅವಳು ಬರಲಿಲ್ಲ. ಅದರ ಮುಂದಿನದಕ್ಕೂ ಬರಲಿಲ್ಲ. ಫೋನ್ ಮಾಡಿದರೆ ಮೊಣಕಾಲು ಅಂದಳು. ನನ್ನ ಹೆಂಡತಿ ಫೋನ್ ತೆಗೆದುಕೊಂಡು, "ಅತ್ತಿ, ಬರ್ರಿ, ಹುಡುಗರು ಕೇಳ್ತಾರ," ಅಂದಳು. ಅವ್ವನ ಉತ್ತರ ನನಗೂ ಕೇಳಿಸಿತು: "ಸಣ್ಣ ಹುಡುಗರಿದ್ದ ಮನಿಗಿ ಬರಿಗೈಲೆ ಹ್ಯಾಂಗ ಬರ್ಲೆವಾ?"

ಮಾತಿನಲ್ಲಿ ಸಿಟ್ಟಿರಲಿಲ್ಲ. ಖರೇ ಅಂದರೆ ಅವಳಿಗೆ ಅದು ತಿಳಿದಿರಲಿಲ್ಲ, ಕೇಳುತ್ತಿದ್ದಳು. ನನ್ನ ಹೆಂಡತಿ ಫೋನ್ ಹಿಡಿದುಕೊಂಡು ನಿಂತಳು.

ಆ ಸುಗ್ಗಿಯ ಹೊತ್ತಿಗೆ ಅಣ್ಣ ಅಂಗಡಿಗೆ ಬಂದಾಗ ಮಾತಿನ ನಡುವೆ ಹೇಳಿದ: "ಎಮ್ಮಿ ಕೊಟ್ವಿ. ರೋಣದ ಕಡೆಯವರು ಹೊಡಕೊಂಡ ಹೋದ್ರು."

"ಯಾಕ?"

"ಅವ್ವಾನ ಕೊಡು ಅಂದ್ಲು. ಹಿಂಡಾಕ ಕೂತ್ರ ಏಳಾಕ ಆಗವಲ್ದಂತ. ಮನ್ಯಾಗ ಈಗ ಪಾಕೀಟ ಹಾಲು."

ಮೊಣಕಾಲು ನೋವು ಸುಳ್ಳಲ್ಲ. ಅದು ಅವಳಿಗೆ ಎಮ್ಮೆ ಬಂದಾಗಿನಿಂದಲೂ ಇತ್ತು.

ನಾನು ಊರಿಗೆ ಹೋದೆ. ಹೊಲದ ದಾರಿಯಲ್ಲಿ ಜೋಳದ ಅಂಚಿಗೆ ಸಾಲಾಗಿ ಕುಸುಬಿ ಒಣಗಿ ನಿಂತಿತ್ತು. ಪ್ರತಿ ವರ್ಷ ನಮ್ಮ ಹೊಲದ ಅಂಚಿಗೆ ಕುಸುಬಿ ಇರುತ್ತದೆ. ಅದರ ಮುಳ್ಳಿಗೆ ಹೆದರಿ ದನ ನುಗ್ಗದಿರಲಿ ಎಂದು ಹಾಕುತ್ತಾರೆ. ನಾನು ಗಾಡಿ ನಿಲ್ಲಿಸಿ ನೋಡಿದೆ. ನಮ್ಮ ಅಡುಗೆಮನೆಗೆ ಬೇಕಾಗಿದ್ದ ಕುಸುಬಿಯನ್ನು ನಾವು ಪುರ್ತಗೇರಿಯಿಂದ ತಂದಿದ್ದೆವು. ಬೆಣ್ಣೆ ಬೇಡ ಎಂದು ಹೇಳಿದ್ದೆವು. ಅದರ ಬದಲು ಇದನ್ನು ತಾ ಎಂದು ಅವಳಿಗೆ ಒಮ್ಮೆಯೂ ಹೇಳಿರಲಿಲ್ಲ. ಬಟ್ಟೆ ಸುತ್ತಿದ ಅದೇ ಡಬ್ಬಿಯಲ್ಲಿ ಅದೂ ಬರಬಹುದಿತ್ತು.

ಅವ್ವ ಪಡಸಾಲೆಯಲ್ಲಿ ಕೂತು ಬೇಳೆ ಆರಿಸುತ್ತಿದ್ದಳು. ಎಮ್ಮೆ ಕಟ್ಟುತ್ತಿದ್ದ ಜಾಗ ತೊಳೆದು ಅಣ್ಣನ ಬೈಕ್ ನಿಲ್ಲಿಸಿದ್ದರು.

"ಅವ್ವಾ, ಹುಡುಗರಿಗೆ ಕುಸುಬಿ ಬೇಕಾಗೇತಿ. ನೀನ ಸಂತಿ ದಿನ ಒಂದೊಂದು ಡಬ್ಬಿ ತಂದಕೊಡು," ಅಂದೆ.

"ಒಂದ ಡಬ್ಬಿ ಯಾಕೋ ತಮ್ಮಾ? ಅಣ್ಣಗ ಹೇಳತೀನಿ. ಚೀಲಾನ ಕಳಸ್ತಾನ ತಗೋ."

ಚೀಲವೇ ಬಂತು. ಅಣ್ಣ ಅದನ್ನು ಟೆಂಪೋದಲ್ಲಿ ಹಾಕಿ ಕಳಿಸಿದ್ದ. ವರ್ಷಕ್ಕೆ ಸಾಕಾಗುವಷ್ಟು ಕುಸುಬಿ ಅಂಗಡಿಯ ಮೂಲೆಯಲ್ಲಿ ನಿಂತಿತು.

ಹೋದ ತಿಂಗಳು ಅವ್ವ ಬಂದಿದ್ದಳು. ಮೊಣಕಾಲಿನ ಔಷಧಕ್ಕೆಂದು ಅಣ್ಣ ಬೈಕಿನಲ್ಲಿ ನರಗುಂದಕ್ಕೆ ಕರೆತಂದವನು, ಅವಳನ್ನು ನಮ್ಮ ಮನೆಯಲ್ಲಿ ಬಿಟ್ಟು ಕೆಲಸಕ್ಕೆ ಹೋದ. ಬಾಗಿಲಲ್ಲೇ ಮಕ್ಕಳ ಕೈಗೆ ಒಂದೊಂದು ಬಿಸ್ಕೀಟು ಪಾಕೀಟು ಕೊಟ್ಟಳು. ಅಂಗಡಿಯ ಬಿಸ್ಕೀಟು ನಮ್ಮ ಮನೆಗೆ ಬಂದು ಎಷ್ಟೋ ದಿನವಾಗಿತ್ತು. ಮಕ್ಕಳು ತಾಯಿಯ ಮುಖ ನೋಡಿದರು. "ತಿನ್ರಿ, ಆಯಿ ತಂದಾರ," ಅಂದಳು ಅವಳು.

ಅವ್ವ ಅಡುಗೆಮನೆಗೆ ಹೋಗಲಿಲ್ಲ. ಹೊರಗಿನ ಕೋಣೆಯಲ್ಲಿ, ಬಂದವರು ಕೂರುವ ಕುರ್ಚಿಯ ಮೇಲೆ, ಸೆರಗು ಸರಿಮಾಡಿಕೊಂಡು ಕೂತಳು. ನನ್ನ ಹೆಂಡತಿ ಕುಸುಬಿ ಹಾಲು ಕಾಯಿಸಿ ಲೋಟದಲ್ಲಿ ತಂದುಕೊಟ್ಟು, ಒಳಗೆ ಹೋಗದೆ ಅಲ್ಲೇ ನಿಂತಳು. ಅವ್ವ ನಿಧಾನವಾಗಿ ಕುಡಿದಳು.

"ಭಾಳ ಚಲೋ ಆಗೇತವಾ," ಅಂದಳು.

ಮಗಳು ಆಯಿಯ ತೊಡೆಗೆ ಒರಗಿ ನಿಂತಿದ್ದಳು. ಲೋಟ ಎಳೆದುಕೊಂಡು ಒಂದು ಗುಟುಕು ಕುಡಿದು ಮುಖ ಕಿವುಚಿದಳು. "ಥೂ, ಇದಕ್ಕ ಬೆಲ್ಲಾನ ಹಾಕಿಲ್ಲ. ಆಯಿ, ನಿನಗ ಕಹಿ ಹತ್ತಲಿಲ್ಲಾ?"

"ಇಲ್ಲವ್ವಾ ತಂಗಿ. ಹಿಂಗ ಚಲೋ ಇರತೈತಿ." ಉಳಿದದ್ದನ್ನೂ ಕುಡಿದು, ಲೋಟವನ್ನು ಕುರ್ಚಿಯ ಪಕ್ಕ ನೆಲದ ಮೇಲೆ ಸದ್ದಾಗದಂತೆ ಇಟ್ಟಳು. ಬೀಗರ ಮನೆಗೆ ಬಂದವರು ಹಾಗೆ ಇಡುತ್ತಾರೆ.

ಅಣ್ಣ ಬಂದು ಕರೆದುಕೊಂಡು ಹೋದ ಮೇಲೆ ನನ್ನ ಹೆಂಡತಿ ಲೋಟ ತೊಳೆಯಲು ಎತ್ತಿಕೊಂಡಳು, ತೊಳೆಯದೆ ನಿಂತಳು.

"ಬೆಲ್ಲ ಮರತಿದ್ದ್ಯೇನು?" ಎಂದು ಕೇಳಿದೆ.

"ಇಲ್ರಿ," ಅಂದಳು. "ಬೇಕಂತನ ಹಾಕಿರಲಿಲ್ಲ. ಅತ್ತಿ ಒಂದ ಮಾತಾದ್ರೂ ಬೈತಾರ ಅಂತ."