ಅಕ್ಕನ ಹುಳುಮನೆಗೆ ಹಿಡಿಸದ ಲೆನ್ಸ್

ಬೆಳಿಗ್ಗೆ ಆರರಿಂದ ಏಳರವರೆಗೆ ನಾನು ಫೋನ್ ತೆಗೆಯುವುದಿಲ್ಲ. ಆ ಹೊತ್ತು ನಡಿಗೆಗೆ ಮೀಸಲು. (ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿದ್ದವನ ಚಟ, ನಿಮಗೇನೂ ಹೊಸದಲ್ಲ.) ಹೋದ ಮಂಗಳವಾರ ಮಾತ್ರ ಅದು ಮೂರನೇ ಸಲ ಬಡಿದುಕೊಂಡಾಗ ತೆಗೆದೆ.

"ಮಾವ, ಹುಳ ಹಣ್ಣಾಗ್‌ಬಿಟ್ಟೈತೆ. ಅತ್ತೆ ಆಗ್ಲೇ ಶುರು ಹಚ್ಕೊಂಡವ್ರೆ. ಸಾಯಂಕಾಲಕ್ಕೆಲ್ಲ ಮುಗ್ದೋಗ್ತದೆ. ಫೋಟೋ ತೆಗಿಯೋದಾದ್ರೆ ಇವತ್ತೇ."

ಶೋಭಾ. ತಾಯಲೂರಿನ ಹತ್ತಿರದ ಹಳ್ಳಿಯಲ್ಲಿರುವ ನನ್ನಕ್ಕ ವೆಂಕಟಲಕ್ಷ್ಮಮ್ಮನ ಸೊಸೆ.

ಅಕ್ಕ ನಲವತ್ತು ವರ್ಷದಿಂದ ರೇಷ್ಮೆ ಹುಳು ಸಾಕಿದವಳು. ಮುಂದಿನ ವಾರ ಅವಳ ಮಂಡಿಗೆ ಆಪರೇಷನ್. ಆಮೇಲೆ ಹುಳುಮನೆಯಲ್ಲಿ ಹಸು ಕಟ್ಟುತ್ತಾರೆ. ಅಂದರೆ ಇದು ಕೊನೆಯ ಬೆಳೆ.

ಹೋದ ವರ್ಷ ಅವಳು ಒಂದು ಮಾತು ಕೇಳಿದ್ದಳು. "ನಂದೊಂದು ಫೋಟೋ ತೆಗಿಯೋ. ಆಧಾರ್ ಕಾರ್ಡಲ್ಲಿರೋ ಥರ ಬ್ಯಾಡ. ಕೆಲ್ಸ ಮಾಡೋವಾಗ." ನನ್ನಿಂದ ಅವಳು ಅದುವರೆಗೆ ಏನನ್ನೂ ಕೇಳಿದವಳಲ್ಲ. ಒಪ್ಪಿಕೊಂಡೆ.

ಒಪ್ಪಿಕೊಂಡು ಮಾಡಿದ್ದೇನು? ಲೆನ್ಸ್ ಆರಿಸಲು ಕೂತೆ.

ನೋಟ್‌ಬುಕ್ಕಿಗೆ ಗೆರೆ ಹಾಕಿ ಕಾಲಮ್ ಮಾಡಿದೆ. ತೂಕ, ಬೆಳಕು ಒಳಬಿಡುವ ಕಂಡಿ ಅಂದರೆ ಅಪರ್ಚರ್, ಹಿನ್ನೆಲೆ ಎಷ್ಟು ಮಸುಕಾಗುತ್ತದೆ, ಮಂದ ಬೆಳಕಿನಲ್ಲಿ ಹೇಗೆ. ಯೂಟ್ಯೂಬಿನಲ್ಲಿ ಒಬ್ಬ ಹೊಗಳಿದ್ದನ್ನು ಇನ್ನೊಬ್ಬ ತೆಗಳಿದ. ಕಾಲಮ್ಮುಗಳು ಹೆಚ್ಚಿದವು. ಈ ನಡುವೆ ಅಕ್ಕನ ಮನೆಯಲ್ಲಿ ಮೂರು ಬೆಳೆ ಆಗಿಹೋದವು. ಪ್ರತಿ ಸಲವೂ ನನ್ನದು ಒಂದೇ ಉತ್ತರ: "ಲೆನ್ಸ್ ಬರ್ಲಿ ಅಕ್ಕ."

ಕೋಲಾರದಲ್ಲಿ ಕ್ಯಾಮೆರಾ ಅಂಗಡಿ ಇಟ್ಟಿರುವವನು ನನ್ನ ಹಳೆಯ ವಿದ್ಯಾರ್ಥಿ. ಈಗ ಅವನ ಮೀಸೆಯೂ ನೆರೆತಿದೆ. ನನ್ನನ್ನು ಕಂಡರೆ ಇನ್ನೂ ಎದ್ದು ನಿಲ್ಲುತ್ತಾನೆ. ಅವನು ಹೇಳಿದ್ದ: "ಮೇಷ್ಟ್ರೇ, ಮುಖದಲ್ಲಿ ಭಾವ ಬೇಕು ಅಂದ್ರೆ ನಿಮ್ಮತ್ರ ಇರೋ ಐವತ್ತು ಎಂ.ಎಂ. ಲೆನ್ಸೇ ಸಾಕು. ಹತ್ರ ಹೋಗ್ಬೇಕು, ಅಷ್ಟೇ."

"ದೂರ ನಿಂತು ತೆಗೆಯೋದು ಶಿಸ್ತು ಕಣಯ್ಯ," ಎಂದೆ. ಎಪ್ಪತ್ತರಿಂದ ಇನ್ನೂರರವರೆಗೆ ಜೂಮ್ ಆಗುವ, ಒಂದೂವರೆ ಕಿಲೋ ತೂಕದ ಲೆನ್ಸನ್ನು ಹೊತ್ತು ತಂದೆ.

ಸರಿ, ಮಂಗಳವಾರ. ಫೋನ್ ಬಂದ ಕೂಡಲೇ ಹೊರಟೆನೇ? ಇಲ್ಲ. ನಡಿಗೆ ಮುಗಿಸಿದೆ. ಎಂಟಕ್ಕೆ ತಿಂಡಿ. ಒಂಬತ್ತಕ್ಕೆ ಪೇಪರ್. ಬ್ಯಾಟರಿ ಪೂರ್ತಿ ಚಾರ್ಜ್ ಆಗುವವರೆಗೆ ಕಾದೆ. ಅಕ್ಕನ ಮನೆ ತಲುಪಿದಾಗ ಎರಡೂವರೆ. ಹುಳು ಮೇಯುತ್ತಿದ್ದ ತಟ್ಟೆಗಳಲ್ಲಿ ಮುಕ್ಕಾಲು ಪಾಲು ಆಗಲೇ ಖಾಲಿ.

ಗೊತ್ತಿಲ್ಲದವರಿಗೆ ಒಂದು ಮಾತು. ಹಣ್ಣಾದ ಹುಳು ಎಂದರೆ ಸೊಪ್ಪು ತಿನ್ನುವುದನ್ನು ಬಿಟ್ಟು ಗೂಡು ಕಟ್ಟಲು ಸಿದ್ಧವಾದ ಹುಳು. ಒಂದೊಂದನ್ನೂ ಕೈಯಲ್ಲಿ ಆಯ್ದು, ಚಂದ್ರಿಕೆ ಎನ್ನುವ ಬಿದಿರಿನ ಚಾಪೆಯ ಮೇಲೆ ಬಿಡಬೇಕು. ತಡವಾದರೆ ಅದು ಸೊಪ್ಪಿನ ಕಸದಲ್ಲೇ ಗೂಡು ಕಟ್ಟಿ ಕೆಡುತ್ತದೆ. ಹಾಗಾಗಿ ಆ ದಿನ ಮನೆಗೆ ಬಂದವರು ಯಾರೇ ಆಗಲಿ, ನಿಂತು ನೋಡುವಂತಿಲ್ಲ. ಹುಳು ಆಯಲೇಬೇಕು.

ಬಾಗಿಲಲ್ಲಿ ಬ್ಲೀಚಿಂಗ್ ಪೌಡರಿನ ನೀರಲ್ಲಿ ಕಾಲದ್ದಿ ಒಳಗೆ ಹೋದೆ. ಅಕ್ಕ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತಿದ್ದಳು. ತಲೆ ಎತ್ತಲಿಲ್ಲ.

"ಬಂದ್ಯಾ? ರಾ, ಒಳಕ್ಕೆ ಬಾ. ಕೈ ತೊಳ್ಕೊಂಡು ಹುಳ ಆಯಿ."

"ಮೊದ್ಲು ಫೋಟೋ, ಅಕ್ಕ."

"ನಿನ್ ಫೋಟೋಗೆ ಹುಳ ಕಾಯ್ತದೇನ್ಲಾ?"

ಕ್ಯಾಮೆರಾ ಎತ್ತಿದೆ. ಲೆನ್ಸ್ ಗುರ್ ಎಂದು ಮುಂದೆ ಹೋಯಿತು, ಹಿಂದೆ ಬಂತು. ಫೋಕಸ್ ಸಿಗಲಿಲ್ಲ. ನಾಲ್ಕು ಅಡಿಗಿಂತ ಹತ್ತಿರದ್ದು ಆ ಲೆನ್ಸಿಗೆ ಕಾಣುವುದೇ ಇಲ್ಲ. ತಟ್ಟೆಗಳ ಸಾಲಿನ ನಡುವೆ ಇರುವ ಜಾಗ ಮೂರು ಅಡಿ. ಇದು ನೋಟ್‌ಬುಕ್ಕಿನ ಯಾವ ಕಾಲಮ್ಮಿನಲ್ಲೂ ಇರಲಿಲ್ಲ.

ಹಿಂದಕ್ಕೆ ಸರಿದೆ. ಬೆನ್ನು ತಟ್ಟೆಗೆ ತಾಗಿ, ಅದು ವಾಲಿ, ಹತ್ತಿಪ್ಪತ್ತು ಹುಳು ನೆಲಕ್ಕೆ ಬಿದ್ದವು.

"ಲೇ! ತುಳೀಬೇಡ್ವೋ!"

"ಗೋಡೆ ಒಡ್ಕೊಟ್ರೆ ಆಚೆಯಿಂದ ತೆಗೀತೀರಾ ಮಾವ?" ಎಂದಳು ಶೋಭಾ, ಬಿದ್ದ ಹುಳು ಎತ್ತುತ್ತಾ.

ಬಾಗಿಲಾಚೆ ಹೋಗಿ ನಿಂತೆ. ಅಲ್ಲಿಂದ ಕಂಡದ್ದು ಅಕ್ಕನ ಬೆನ್ನು, ಅಡ್ಡ ಒಂದು ಬಿದಿರಿನ ಕಂಬ. ಕಿಟಕಿಯ ಬೆಳಕು ಇಳಿಯುತ್ತಿತ್ತು. ಹುಳುವಿಗೆ ಆಗದೆಂದು ಫ್ಲಾಶ್ ಬೇಡ ಅಂದಿದ್ದಳು. ಉಳಿದದ್ದು ನಾಲ್ಕು ತಟ್ಟೆ. ಮೂರು. ಎರಡು. ಇಡೀ ಶಾಲೆಯನ್ನು ಒಂದು ಸೀಟಿಯಲ್ಲಿ ನಿಲ್ಲಿಸುತ್ತಿದ್ದವನು ನಾನು. ಈ ಎರಡು ಕೈಗಳನ್ನು ಒಂದು ನಿಮಿಷ ನಿಲ್ಲಿಸುವುದು ನನ್ನಿಂದಾಗಲಿಲ್ಲ.

ಮತ್ತೆ ಒಳಗೆ ಬಂದೆ. ಬ್ಯಾಗಿನ ತಳದಲ್ಲಿ ಆ ಹಳೆಯ ಐವತ್ತು ಎಂ.ಎಂ. ಲೆನ್ಸ್ ಇತ್ತು. ಆದರೆ ಒಳಗೆಲ್ಲ ಸುಣ್ಣದ ಪುಡಿ. ತೇವ ಹೀರಲೆಂದು ಅಕ್ಕ ಎರಚಿದ್ದಳು. ಧೂಳಿನಲ್ಲಿ ಲೆನ್ಸ್ ಬದಲಿಸಬಾರದು ಎಂದು ಊರಿಗೆಲ್ಲ ಉಪದೇಶ ಮಾಡುವವನು ನಾನೇ. ಹೊರಗೆ ಹೋಗಿ ಕೈ ಒರೆಸಿಕೊಂಡು ಬರುವಷ್ಟರಲ್ಲಿ ಕೊನೆಯ ತಟ್ಟೆಯೂ ಮುಗಿದರೆ?

ಅಲ್ಲೇ ದೊಡ್ಡ ಲೆನ್ಸ್ ಕಳಚಿದೆ. ಕ್ಯಾಮೆರಾ ಬಾಯಿ ತೆರೆದು ನಿಂತಿತು. ಸುಣ್ಣ ಒಳಗೆ ಇಳಿದದ್ದು ಕಣ್ಣಿಗೇ ಕಂಡಿತು. ಐವತ್ತನ್ನು ಹಾಕಿದೆ.

ಈಗ ಅಕ್ಕನಿಂದ ಎರಡು ಅಡಿ.

"ಹತ್ರ ಬಂದ್ಯಲ್ಲ, ಆ ಮೂಲೆಯವು ತೆಗಿ." ಎಡಗೈಯಲ್ಲಿ ಹುಳು ಆಯ್ದೆ, ತಣ್ಣಗಿದ್ದವು. ಬಲಗೈಯಲ್ಲಿ ಕ್ಯಾಮೆರಾ. ಅಕ್ಕ ಒಂದು ಹುಳುವನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದಳು, ಪೂರ್ತಿ ಹಣ್ಣಾಗಿದೆಯೋ ಇಲ್ಲವೋ ನೋಡಲು. ಅದರ ಮೈಯೊಳಗಿಂದ ಜೇನಿನ ಬಣ್ಣ ಹಾಯ್ದು ಬಂತು. ಅವಳ ಕಣ್ಣು ಕಿರಿದಾಯಿತು, ತುಟಿ ಒಂದಿಷ್ಟು ಬಿಚ್ಚಿತು.

ಒತ್ತಿದೆ. ಒಂದೇ ಒಂದು.

ಇನ್ನೊಂದಕ್ಕೆ ಬೆರಳು ಊರುವಷ್ಟರಲ್ಲಿ ಹುಳು ಚಂದ್ರಿಕೆಗೆ ಬಿದ್ದಾಗಿತ್ತು. "ಆಯ್ತು," ಎಂದಳು. ಯಾರಿಗೆ ಹೇಳಿದಳೋ.

ಮರುದಿನ ಕಂಪ್ಯೂಟರಿನಲ್ಲಿ ಚಿತ್ರ ತೆರೆದು ಸುಣ್ಣದ ಚುಕ್ಕೆ ಹುಡುಕಿದೆ. ಚಿತ್ರ ಸ್ವಚ್ಛವಾಗಿತ್ತು. ಮಂದ ಬೆಳಕೆಂದು ಅಪರ್ಚರ್ ಪೂರ್ತಿ ತೆರೆದಿದ್ದೆ. ಹಾಗಿದ್ದಾಗ ಕ್ಯಾಮೆರಾದೊಳಗೆ ಚಿತ್ರ ಮೂಡುವ ಸೆನ್ಸರ್ ಮೇಲಿನ ಧೂಳು ಕಾಣುವುದಿಲ್ಲ. (ಆಮೇಲೆ ಅಪರ್ಚರ್ ಕಿರಿದು ಮಾಡಿ ದೇವರಾಯಸಮುದ್ರದ ಕೆರೆಯ ಮೇಲಿನ ಆಕಾಶ ತೆಗೆದೆ. ಅದರಲ್ಲಿ ಐದು ಕಪ್ಪು ಚುಕ್ಕೆ.)

ಗುರುವಾರ ಪ್ರಿಂಟ್ ಹಾಕಿಸಿ ಕೊಂಡೊಯ್ದೆ. ಅಕ್ಕ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದಳು.

"ಹುಳ ಚೆನ್ನಾಗ್ ಬಂದೈತೆ ಕಣೋ," ಎಂದಳು. ಮತ್ತೆ ನೋಡಿದಳು. ಬೆರಳು ಚಿತ್ರದ ಕೆಳಗಿನ ಅಂಚಿಗೆ ಹೋಯಿತು, ಪ್ಲಾಸ್ಟಿಕ್ ಸ್ಟೂಲಿನ ಮೇಲೆ ನಿಂತಿತು.

"ಹೋದ ವರ್ಷ ಕೇಳ್ದಾಗ್ಲೇ ತೆಗ್ದಿದ್ರೆ, ನಾನು ನಿಂತ್ಕೊಂಡು ಕೆಲ್ಸ ಮಾಡೋದು ಬರ್ತಿತ್ತಲ್ಲೋ?"

ನನ್ನ ನೋಟ್‌ಬುಕ್ಕಿನಲ್ಲಿ ಇದಕ್ಕೆ ಕಾಲಮ್ ಇಲ್ಲ.