ಮಹದೇವಮ್ಮನ ಕತ್ತರಿಗೆ ಸಿಗದ ಮುಖಗಳು

ಮೇಟಗಳ್ಳಿ ಕಡೆಯ ಕಾಲುವೆಯ ಮೇಲೆ ಮಹಾರಾಜರ ಕಾಲದ ತೂಗುಸೇತುವೆಯೊಂದಿದೆ. ಅದರ ಬಾಯಲ್ಲೇ ಮಹದೇವಮ್ಮನ ಚುರುಮುರಿ ಗಾಡಿ. ಕಾರ್ಖಾನೆಯ ಪಾಳಿ ಮುಗಿಸಿ ಸೇತುವೆ ದಾಟುವವರೇ ಅವಳ ಗಿರಾಕಿಗಳು. ಗಂಡ ಹೋದ ಮೇಲೆ ಹೆಣ್ಣುಮಕ್ಕಳನ್ನು ಓದಿಸಿದ್ದು ತಾನಲ್ಲ, ಆ ಸೇತುವೆ ಎಂದೇ ಅವಳ ನಂಬಿಕೆ. ಬೆಳಗ್ಗೆ ಅದರ ಕಂಬಕ್ಕೆ ಕುಂಕುಮವಿಟ್ಟು, "ಇವತ್ತೊಂದಿನ ಬೀಳ್ಬೇಡ ಕಣಪ್ಪ" ಎಂದ ಮೇಲೆಯೇ ಈರುಳ್ಳಿಗೆ ಕೈ ಹಾಕುವುದು.

ಈ ಸಲ ಸೇತುವೆಗೆ ದುರಸ್ತಿಯ ಯೋಗ ಬಂತು. ನಮ್ಮೂರಿನ ಪದ್ಧತಿ ಗೊತ್ತಲ್ಲ, ಮೊದಲು ಬಣ್ಣ, ಆಮೇಲೆ ಬೋಲ್ಟು. ತುಕ್ಕಿನ ಮೇಲೆ ಹಸಿರು ಬಳಿದರು, ಬಳಿದದ್ದನ್ನು ಕೆರೆದು ಬೋಲ್ಟು ಹುಡುಕಿದರು, ಹೊಸದನ್ನು ಹಾಕಿ ಮತ್ತೆ ಬಳಿದರು. ಉಳಿದದ್ದು ಪರೀಕ್ಷೆ. ತೂಗಾಟ ಮಿತಿಯೊಳಗಿದ್ದರೆ ಸೇತುವೆ ಉಳಿಯುತ್ತದೆ, ಮೀರಿದರೆ ಗುಜರಿಗೆ.

ಆಷಾಢದ ಒಂದು ಬೆಳಗ್ಗೆ ಎಂಜಿನಿಯರ್ ಬೀನಾ ಮರಳುಮೂಟೆ ಹೇರಿಸಿ ಅಳೆಯುವ ಯಂತ್ರ ಇಟ್ಟರು. ಸೇತುವೆ ಮೈ ಕೊಡವುವ ಎಮ್ಮೆಯಂತೆ ಅಲುಗಾಡಿತು. ಕಾರಣ ಕಣ್ಣೆದುರಿಗೇ ಇತ್ತು. ವಾರ್ಡಿನ ಮುಖಂಡ ಅಮರೇಶ್ "ಪರೀಕ್ಷಕರಿಗೆ ಸುಸ್ವಾಗತ" ಎಂಬ ಫ್ಲೆಕ್ಸನ್ನು ಸೇತುವೆಯುದ್ದಕ್ಕೂ ಕಟ್ಟಿಸಿದ್ದ. ಅದಕ್ಕೆ ಗಾಳಿ ತುಂಬಿಕೊಂಡು ಸೇತುವೆಯನ್ನೇ ಎಳೆದಾಡುತ್ತಿತ್ತು.

"ಅದನ್ನ ಬಿಚ್ಸಿ ಮೇಡಂ," ಎಂದಳು ಮಹದೇವಮ್ಮ.

"ನನ್ನ ಎಲ್ಲಿಗೆ ಎತ್ತಂಗಡಿ ಮಾಡ್ತಾರೋ ಕಣಮ್ಮ," ಬೀನಾ ಪಿಸುಗುಟ್ಟಿದರು. "ಗಾಳಿ ಹೋಗೋಕೆ ನಾಕು ತೂತಾದ್ರೂ ಇದ್ದಿದ್ರೆ..."

ಸೇತುವೆಗೆ ಬೋಲ್ಟು ಹಾಕಿದವರು ಓದಿದವರ ಬೆನ್ನುಮೂಳೆಗೂ ಎರಡು ಹಾಕಬಾರದಿತ್ತೆ?

ಮಹದೇವಮ್ಮ ಗಾಡಿಯಿಂದ ಕತ್ತರಿ ತಂದು ಫ್ಲೆಕ್ಸಿನ ಮುಂದೆ ನಿಂತಳು. ತೂತಿಗೆ ಖಾಲಿ ಜಾಗವೇ ಇಲ್ಲ. ಅಷ್ಟುದ್ದಕ್ಕೂ ಅಮರೇಶನ, ಅವನ ಬೆಂಬಲಿಗರ ಕೈಮುಗಿದ ಮುಖಗಳು. ಆ ಮುಖದವರೂ ಪರೀಕ್ಷೆ ನೋಡಲು ಅಲ್ಲೇ ನೆರೆದಿದ್ದರು.

"ಯಾರ ಮೊಖಕ್ಕೆ ಹಾಕ್ಲಪ್ಪ, ನೀವೇ ಹೇಳ್ಬುಡಿ."

"ಸಂಜಯಂದು ಹಾಕಮ್ಮ," ಎಂದ ಬೆಂಬಲಿಗ ಸ್ವರೂಪ್. "ಕಟ್ಟೋಕೂ ಬರ್ಲಿಲ್ಲ ಅವ್ನು."

"ನಂದ್ಯಾಕೋ?" ಎಂದ ಪಕ್ಕದಲ್ಲೇ ಇದ್ದ ಸಂಜಯ್. "ಇವ್ನದಕ್ಕೇ ಹಾಕಮ್ಮ, ಇವ್ನು ನಮ್ ವಾರ್ಡೇ ಅಲ್ಲ."

ಕತ್ತರಿ ಸರಿಯುತ್ತಾ ನಡುವಿನ ದೊಡ್ಡ ಮುಖಕ್ಕೆ ಬಂತು.

"ನನ್ನ ಮುಟ್ಟಿದ್ರೆ ನಿನ್ ಗಾಡಿ ಇರಲ್ಲ ಕಣಮ್ಮ," ಎಂದ ಅಮರೇಶ್.

"ಸೇತ್ವೆ ಹೋದ್ರೆ ಅದೆಂಗೂ ಇರಲ್ಲ ಬುಡಿ. ನಿಮ್ದು ದೊಡ್ಡ ಮೊಖ, ಗಾಳಿಗೆ ಸಲೀಸು."

ಕತ್ತರಿ ಮೂಗಿನ ಹತ್ತಿರ ಬಾಯಿ ತೆರೆಯಿತು.

"ಅಣ್ಣ," ಎಂದ ಸ್ವರೂಪ್ ಮೆಲ್ಲಗೆ, "ಆಷಾಡದಲ್ಲಿ ಫೋಟೋಗೆ ತೂತು ಬಿದ್ರೆ ಒಳ್ಳೇದಲ್ವಂತೆ."

ಅಮರೇಶ್ ಒಮ್ಮೆ ಚಾಮುಂಡಿ ಬೆಟ್ಟದ ಕಡೆ ನೋಡಿದ. ತೂತು ಬೀಳುವುದಕ್ಕಿಂತ ಮುಖ ಇಳಿಸುವುದೇ ವಾಸಿ. ತನ್ನ ಮುಖವಿಲ್ಲದ ಫ್ಲೆಕ್ಸಿನಲ್ಲಿ ಇವರ ಮುಖಗಳಿಗೇನು ಕೆಲಸ?

"ಬಿಚ್ರೋ, ಎಲ್ರುದೂ ಬಿಚ್ರಿ."

ಫ್ಲೆಕ್ಸ್ ಇಳಿಯಿತು. ಸೇತುವೆ ಹಾಲು ಕುಡಿದ ಮಗುವಿನಂತೆ ಸುಮ್ಮನಾಯಿತು. ಬೀನಾ ಪಾಸು ಎಂದು ಬರೆದರು. ಫ್ಲೆಕ್ಸಿನ ಸುದ್ದಿ ಬರೆಯಲಿಲ್ಲ.

ಮಡಚಿ ಬಿಸಾಕಿದ್ದ ಆ ಫ್ಲೆಕ್ಸೇ ಈಗ ಚುರುಮುರಿ ಗಾಡಿಯ ಸೂರು. ಮುಖಗಳೆಲ್ಲ ಒಳಮಗ್ಗುಲಿಗೆ. ಮಳೆ ಬಂದಾಗ ಮಹದೇವಮ್ಮ ಈರುಳ್ಳಿ ಹೆಚ್ಚುತ್ತಾ, ನೆತ್ತಿಯ ಮೇಲೆ ಕೈಮುಗಿದು ನಗುವ ಅಮರೇಶನಿಗೆ ಹೇಳುತ್ತಾಳಂತೆ:

"ಅಂತೂ ಒಂದು ಕೆಲ್ಸಕ್ಕೆ ಬಂದ್ರಲ್ಲ ಸ್ವಾಮಿ."